ಮ್ಯಾಪಲ್ಲಿ ಗದ್ದೆ, ಎದುರಿಗೆ ನೀರು

ನಮ್ಮ ಮಾವನ ಟ್ರಂಕಲ್ಲಿ ಒಂದು ಹಳೇ ಟೋಪೋಶೀಟ್, ಅಂದ್ರೆ ಗುಡ್ಡ, ದಾರಿ, ಜಮೀನು ಎಲ್ಲಾ ತೋರ್ಸೋ ಮ್ಯಾಪ್, ಸಿಕ್ತು. ಸರ್ವೇ ಆಫ್ ಇಂಡಿಯಾದ್ದು, 48 ಓ ಸರಣಿ, ಒಂದು ಇಂಚಿಗೆ ಒಂದು ಮೈಲಿ, ಹಿಂದ್ಗಡೆ ಬಟ್ಟೆ ಅಂಟ್ಸಿದ್ದು. ಬಿಡಿಸಿದ್ರೆ ತೀರ್ಥಹಳ್ಳಿ ಕಡೆಯ ಕವಲೇದುರ್ಗ! ಘಟ್ಟದಂಚಲ್ಲಿ ಕೆಳದಿ ಅರಸರು ಕಾವಲಿಗಿಟ್ಟಿದ್ದ ಮೂರು ಸುತ್ತಿನ ಕೋಟೆ. ಕಂದು ಗೆರೆ ಒತ್ತೊತ್ತಾಗಿದ್ರೆ ಕಡಿದಾದ ಏರು ಅಂತ ನಾನು ಕ್ಲಾಸ್ ತಗೊಳ್ತಿದ್ರೆ ಹೆಂಡ್ತಿ "ಯಾರೋ ಚಕ್ಲಿ ಒತ್ತಿದಂಗಿದೆ ಕಣ್ರೀ" ಅಂದ್ಳು.

ಎಲ್ಲರೂ ಹೋಗೋದು ಊರ ಕಡೆಯಿಂದ, ಗದ್ದೆ ದಾಟಿ ಕಲ್ಲು ಹಾಸಿನ ದಾರೀಲಿ, ಆರಾಮಾಗಿ. ಆದ್ರೆ ನನ್ನ ಮ್ಯಾಪಲ್ಲಿ ಹಿಂದ್ಗಡೆಯಿಂದ ಒಂದು ಕೆಂಪು ಚುಕ್ಕಿಯ ಕಾಲುದಾರಿ ಇತ್ತಲ್ಲ, ಅದು ಬೇರೆ ಯಾರಿಗೂ ಗೊತ್ತಿಲ್ಲ ಅನ್ನೋ ಹಮ್ಮಲ್ಲಿ ಫೋನ್ ಆಫ್ ಮಾಡಿ, ಕಾರು ನಿಲ್ಲಿಸಿ, ಕಾಲಿಗೆ ಹತ್ತಿದ ಇಂಬಳ ಕೀಳ್ತಾ ಒಂದು ಗಂಟೆ ನಡೆದ್ವಿ. ದಾರಿ ಸೀದಾ ನೀರಿಗಿಳೀತು. ಕೆರೆ ಗಿರೆ ಅಲ್ಲ, ಸಮುದ್ರದಂಗೆ ನೀರು. ಮ್ಯಾಪಲ್ಲಿ ಅಲ್ಲಿ ಹಳದಿ ಬಣ್ಣ, ಅಂದ್ರೆ ಸಾಗುವಳಿ ಜಮೀನು. ಉಲ್ಟಾ ಹಿಡಿದೆ, ತಿರುಗಿಸಿದೆ, ಬೆನ್ನಿಗೂ ನೋಡಿದೆ, ಅಲ್ಲಿ ಬರೀ ಬಟ್ಟೆ.

ದನ ಹೊಡ್ಕೊಂಡು ಬಂದ ಅಜ್ಜರೊಬ್ರು "ಎಲ್ಲಿಗ್ ಹೊರಟಿದ್ದು ಮಾರಾಯ್ರೆ?" ಅಂದ್ರು.

"ಕೋಟೆಗೆ ಅಜ್ಜಾ, ಇಲ್ಲಿ ದಾರಿ ಇದೆಯಲ್ಲ?"

"ಇತ್ತು. ನೀವು ಸ್ವಲ್ಪ ಲೇಟಾಯ್ತು. ವಾರಾಹಿ ಡ್ಯಾಮ್ ಕಟ್ಟೋಕೆ ಮುಂಚೆ ಬರ್ಬೇಕಿತ್ತು."

ಹೆಂಡ್ತಿ ನಕ್ಕಿದ್ದಕ್ಕೆ ದನಗಳೂ ತಿರುಗಿ ನೋಡಿದ್ವು. ಮರ್ಯಾದೆ ಉಳಿಸ್ಕೊಳ್ಳೋಕೆ ಅಜ್ಜರಿಗೆ ಮ್ಯಾಪ್ ತೋರ್ಸಿದೆ. ಅವ್ರು ಎಲೆಅಡಿಕೆ ಕವಳ ಹಾಕ್ಕೊಂಡೇ ಬಗ್ಗಿ ನೋಡಿದ್ರು, ಬೆರಳು ಹಳದಿ ಮೇಲೆ ನಿಧಾನಕ್ಕೆ ಸರೀತಾ ಒಂದು ಪುಟ್ಟ ಚುಕ್ಕಿ ಹತ್ರ ನಿಲ್ತು. "ಇದು ನಮ್ಮನೆ. ಮುಳುಗಡೆ ಆಯ್ತಲ್ಲ, ಅದು." ನಾವಿಬ್ರೂ ಸುಮ್ನಾದ್ವಿ. ಅವ್ರು ಮಾತ್ರ ಇನ್ನೂ ಹತ್ರ ಬಗ್ಗಿ ಹುಡುಕ್ತಾ ಇದ್ರು.

"ಎಂಥ ಸರ್ವೇನ ಮಾರಾಯ್ರೆ ಇದು? ಬಾವಿ ಹಾಕೇ ಇಲ್ಲ!"

ಅಂತ ಸುಣ್ಣದ ಬೆರಳಲ್ಲೇ ಬಾವಿ ಇದ್ದ ಜಾಗ ಗುರುತು ಮಾಡ್ಬಿಟ್ರು. ನಾನು ಒರೆಸೋಕೆ ಹೋಗ್ಲಿಲ್ಲ. ಕೋಟೆಗೆ ಆವತ್ತು ಹೋಗೋಕಾಗ್ಲಿಲ್ಲ, ಅವರ ಮನೇಲಿ ಕಾಫಿ ಆಯ್ತು, ಆಮೇಲೆ ಅಜ್ಜರ ಮೊಮ್ಮಗ ಗೂಗಲ್ ಮ್ಯಾಪ್ ಹಾಕಿ ನಮ್ಮನ್ನ ಕಾರಿನ ಹತ್ರ ಬಿಟ್ಟ.