ಗೋಲ್ ಕೀಪರ್ ಹೋದ ಮೇಲೆ ಎಲ್ಲಿ ನೋಡೋದು?

ಟಿವಿಯಲ್ಲಿ ಹಾಕಿ ನೋಡುವವರ ದೊಡ್ಡ ಕಷ್ಟ ಏನು ಗೊತ್ತಾ? ಚೆಂಡು ಕಾಣಿಸಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಹೇಳಿದರೆ ಇವನಿಗೆ ಆಟವೇ ಗೊತ್ತಿಲ್ಲ ಅಂದುಬಿಡುತ್ತಾರಲ್ಲ. ಎರಡೂ ಕಡೆಯವರು ಬಗ್ಗಿಕೊಂಡು ಓಡುತ್ತಿರುತ್ತಾರೆ, ಕಾಮೆಂಟ್ರಿಯವನ ದನಿ ಏರುತ್ತಾ ಹೋಗುತ್ತದೆ, ಯಾಕೆ ಅಂತ ತಿಳಿಯದೆ ನಾವೂ ಕುರ್ಚಿಯಿಂದ ಅರ್ಧ ಏಳುತ್ತೇವೆ, ಅಷ್ಟರಲ್ಲಿ ಗೋಲ್ ಆಗಿರುತ್ತದೆ ಇಲ್ಲವೇ ತಪ್ಪಿರುತ್ತದೆ. ಎರಡರಲ್ಲಿ ಯಾವುದು ಅಂತ ಗೊತ್ತಾಗೋದು ರಿಪ್ಲೇ ಬಂದ ಮೇಲೆ. ಕ್ರಿಕೆಟ್‌ನಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ಬಹಳಷ್ಟು ಜನ ನಿಂತೇ ಇರುತ್ತಾರೆ, ಚೆಂಡೊಂದೇ ಓಡುತ್ತದೆ.

ಹಾಗಾಗಿ ಬಳ್ಳಾರಿಯಲ್ಲಿ ಹಾಕಿ ನೋಡುವ ನಾವು ನಾಲ್ಕಾರು ಜನ ಒಂದು ಉಪಾಯ ಕಂಡುಕೊಂಡಿದ್ದೆವು. ಚೆಂಡಿನ ಗೊಡವೆ ಬಿಟ್ಟು ಭಾರತದ ಗೋಲ್ ಕೀಪರ್ ಶ್ರೀಜೇಶ್‌ನ ನೋಡೋದು. ಅವನು ಎಲ್ಲೂ ಹೋಗಲ್ಲ. ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಅದರ ಮುಂದೆಯೇ ಇರುತ್ತಾನೆ. ಆರಾಮಾಗಿ ನಿಂತಿದ್ದಾನೆ ಅಂದರೆ ಚೆಂಡು ಆ ಕಡೆ ಇದೆ. ಕೈ ಬೀಸಿ ಯಾರಿಗೋ ಬೈಯುತ್ತಿದ್ದಾನೆ ಅಂದರೆ ಈ ಕಡೆ ಬರುತ್ತಿದೆ. ಹಿಮ್ಮಡಿ ಎತ್ತಿ, ಮೊಣಕಾಲು ಮಡಚಿ, ಎರಡೂ ಕೈ ಅಗಲಿಸಿ ನಿಂತ ಅಂದರೆ, ಬಂತು. ಇಷ್ಟು ಗೊತ್ತಿದ್ದರೆ ಸಾಕು, ಹಾಕಿ ನೋಡಬಹುದು.

ಅಂಥವನು 2024ರ ಜುಲೈನಲ್ಲಿ, ಪ್ಯಾರಿಸ್ ಒಲಿಂಪಿಕ್ಸೇ ನನ್ನ ಕೊನೆ ಟೂರ್ನಿ ಅಂದುಬಿಟ್ಟ. ನಮ್ಮ ಕಷ್ಟ ಯಾರಿಗೆ ಹೇಳೋಣ?

ನಾವು ಅಂದರೆ ಯಾರು ಅಂತ ಹೇಳಬೇಕು. ಹಾಕಿಗೂ ನಮ್ಮೂರಿಗೂ ಅಂಥ ನಂಟೇನಿಲ್ಲ. ಕರ್ನಾಟಕದಲ್ಲಿ ಹಾಕಿ ಅಂದರೆ ಕೊಡಗು. ಅಲ್ಲಿ ಮನೆತನಗಳೇ ಟೀಮ್ ಕಟ್ಟಿಕೊಂಡು 1997ರಿಂದ ಹಾಕಿ ಹಬ್ಬ ಮಾಡುತ್ತಿವೆ, ಅಜ್ಜನೂ ಮೊಮ್ಮಗಳೂ ಒಂದೇ ಟೀಮಿನಲ್ಲಿ ಆಡುತ್ತಾರೆ. ನಮ್ಮಲ್ಲಿ ಮೈದಾನ ಅಂದರೆ ಕ್ರಿಕೆಟ್, ಅದೂ ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರೊಳಗೆ ಮುಗಿಯಬೇಕು, ಆಮೇಲೆ ಬೆಟ್ಟದ ಬಂಡೆ ಕಾದು ಊರಿಗೆಲ್ಲ ಶಾಖ ಹಂಚುತ್ತದೆ. ಇಂಥ ಊರಲ್ಲಿ ಹಾಕಿ ನೋಡುವವರು ಒಬ್ಬರನ್ನೊಬ್ಬರು ಹುಡುಕಿಕೊಂಡೇ ಸೇರಬೇಕು. ಹಾಗೆ ಸೇರಿದವರು ರಿಟೈರ್ ಆದ ಒಬ್ಬ ಪಿಟಿ ಮೇಷ್ಟ್ರು, ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಚಾಚಾ, ಬೇಕರಿ ಇಟ್ಟಿರುವ ಮಲಯಾಳಿ ಚೇಟ, ಮತ್ತೆ ನಾನು, ನನ್ನಂಥ ಇನ್ನಿಬ್ಬರು. ಟಿವಿ ಇರೋದು ಬೇಕರಿಯಲ್ಲಿ. ಹಾಗಾಗಿ ಚೇಟನ ಮಾತಿಗೆ ತೂಕ ಜಾಸ್ತಿ.

ಚೇಟನಿಗೆ ಶ್ರೀಜೇಶ್ ಅಂದರೆ ತನ್ನ ಮನೆ ಹುಡುಗ ಇದ್ದ ಹಾಗೆ. ಎರ್ನಾಕುಲಂ ಹತ್ತಿರದ ಕಿಳಕ್ಕಂಬಲಂ ಅವನ ಊರು, ರೈತರ ಮನೆ. ತಿರುವನಂತಪುರದ ಜಿ.ವಿ. ರಾಜಾ ಸ್ಪೋರ್ಟ್ಸ್ ಸ್ಕೂಲಿಗೆ ಸೇರಿದ್ದು ಓಟಗಾರನಾಗಿ. ಗೋಲ್ ಕೀಪರ್ ಆಗು ಅಂತ ಹೇಳಿದ್ದು ಅಲ್ಲಿನ ಕೋಚ್. ಆದರೆ ಕೀಪರ್ ಕಿಟ್ ಅಂದರೆ ಸುಮ್ನೆ ಅಲ್ಲ. ಕಾಲಿಗೆ ದಪ್ಪ ಫೋಮಿನ ಪ್ಯಾಡು, ಶೂ ಮೇಲೆ ಕಿಕ್ಕರ್, ಎದೆಗೆ ಗಾರ್ಡು, ಎರಡು ಕೈಗೆ ಎರಡು ತರದ ಗ್ಲೌಸು, ಹೆಲ್ಮೆಟ್ಟು. ಮಗನಿಗೆ ಅದನ್ನು ಕೊಡಿಸಲು ಅವರಪ್ಪ ಹಸು ಮಾರಿದರು. ಈ ಕಥೆ ಎಲ್ಲರಿಗೂ ಗೊತ್ತು, ಆದರೂ ಚೇಟ ಪ್ರತಿ ಪಂದ್ಯಕ್ಕೂ ಹೇಳುತ್ತಾನೆ. ಮೇಷ್ಟ್ರದು ಕುರುಗೋಡು ಕಡೆಯ ಒಕ್ಕಲುತನದ ಮನೆ. ಅವರಿಗೆ ಮೆಡಲ್ಲಿಗಿಂತ ಈ ಹಸುವಿನ ಚಿಂತೆ. "ಹಾಲು ಕೊಡೋದಿತ್ತೋ, ಗೊಡ್ಡೋ?" ಅಂತ ಒಮ್ಮೆ ಕೇಳಿದರು. ಚೇಟನಿಗೆ ಸಿಟ್ಟು ಬಂತು. "ಅಲ್ರೀ, ಗೊಡ್ಡಾಗಿದ್ರೆ ಮಾರಿದ್ದು ದೊಡ್ಡದಲ್ಲ. ಕರೆಯೋ ಹಸು ಮಾರಿದ್ರೆ ಆ ಮನುಷ್ಯಾ ದೊಡ್ಡಾವ" ಅಂದರು ಮೇಷ್ಟ್ರು. ಅದೂ ಸರಿಯೇ.

ಕಿಟ್ಟಿನ ಬೆಲೆ ಮೇಷ್ಟ್ರಿಗೆ ಗೊತ್ತು, ನನಗೂ ಗೊತ್ತು. ನಮ್ಮ ಶಾಲೆಯಲ್ಲಿ ಹಾಕಿ ಸ್ಟಿಕ್ ಒಂದಷ್ಟು ಇದ್ದವು, ಕೀಪರ್ ಪ್ಯಾಡ್ ಇರಲಿಲ್ಲ. ಗೋಲಿಗೆ ನಿಲ್ಲುವವನಿಗೆ ಕ್ರಿಕೆಟ್ ಪ್ಯಾಡ್ ಕಟ್ಟುತ್ತಿದ್ದರು. ಅದರ ಬಕಲ್ ಕಿತ್ತುಹೋಗಿರುತ್ತಿತ್ತು, ಸುತ್ತಲಿ ದಾರದಲ್ಲಿ ಬಿಗಿದು ಗಂಟು ಹಾಕಬೇಕು, ಓಡಿದರೆ ಪ್ಯಾಡು ತಿರುಗಿ ಹಿಂಭಾಗಕ್ಕೆ ಬರುತ್ತದೆ. ಆಗ ಮೀನಖಂಡಕ್ಕೆ ರಕ್ಷಣೆ, ಮುಂಗಾಲು ಬಟ್ಟಬಯಲು. ಗೋಲಿಗೆ ಯಾರನ್ನು ನಿಲ್ಲಿಸುತ್ತಿದ್ದರು ಅಂತ ಬೇರೆ ಹೇಳಬೇಕಿಲ್ಲ, ಓಡಲು ಬಾರದವನನ್ನೇ. ಹಾಕಿ ಚೆಂಡು ಕಾಲಿಗೆ ಬಡಿದಾಗ ಮೊದಲು ನೋವಾಗಲ್ಲ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ನೋವು ಆಮೇಲೆ ಬರುತ್ತದೆ. ಅದೂ ಹುಡುಗರು ಹೊಡೆದ ಚೆಂಡು. ದೊಡ್ಡವರ ಡ್ರ್ಯಾಗ್ ಫ್ಲಿಕ್, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಬೀಸಿ ಎಸೆಯೋದು, ಗಂಟೆಗೆ ನೂರು ಕಿಲೋಮೀಟರ್ ದಾಟಿ ಬರುತ್ತದೆ. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ಟೀಮಿನ ಕೀಪರ್ ಮ್ಯಾನುಯೆಲ್ ಫ್ರೆಡ್ರಿಕ್ ಕೂಡ ಕೇರಳದವರೇ, ಕಣ್ಣೂರಿನವರು. ಅವರ ಕಾಲದಲ್ಲಿ ಹೆಲ್ಮೆಟ್ಟೂ ಇರಲಿಲ್ಲ. ಈ ವಿಷಯ ಬಂದಾಗೆಲ್ಲ ಚಾಚಾ ತಮ್ಮ ಹಣೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಈಗ ಟೋಕಿಯೊ ವಿಷಯಕ್ಕೆ ಬರುತ್ತೇನೆ, ಅದನ್ನು ಬಿಟ್ಟು ಮುಂದೆ ಹೋಗಲು ಆಗಲ್ಲ. 2021ರ ಆಗಸ್ಟ್ 5, ಗುರುವಾರ, ನಮಗೆ ಬೆಳಗ್ಗೆ ಏಳು ಗಂಟೆ. ಕಂಚಿಗಾಗಿ ಜರ್ಮನಿ ಜೊತೆ ಪಂದ್ಯ. ಪಕ್ಕದ ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದೆವು. 1-3 ಹಿಂದೆ ಬಿದ್ದಾಗ ಒಗ್ಗರಣೆ ಮುಟ್ಟುವವರೇ ಇಲ್ಲ. 5-4 ಆದಾಗಲೂ ಇಲ್ಲ. ಕೊರೊನಾ ಕಾಲ, ಸ್ಟೇಡಿಯಂ ಖಾಲಿ. ಅದರಿಂದ ಒಂದು ಲಾಭ ಆಗಿತ್ತು. ಆಟಗಾರರ ಕೂಗಾಟ ಟಿವಿಯಲ್ಲೇ ಕೇಳಿಸುತ್ತಿತ್ತು. ಶ್ರೀಜೇಶ್ ಬಾಯಿ ಮುಚ್ಚುವ ಆಸಾಮಿ ಅಲ್ಲ, ಹಿಂದೆ ನಿಂತು ಎಲ್ಲರಿಗೂ ದಾರಿ ಹೇಳುತ್ತಲೇ ಇರುತ್ತಾನೆ. ಅದರಲ್ಲಿ ಒಂದೆರಡು ಮಲಯಾಳಂ ಮಾತು ತನಗೆ ಕೇಳಿಸಿತು ಅಂತ ಚೇಟ ಈಗಲೂ ಹೇಳುತ್ತಾನೆ. ಆ ಟೀಮಿನಲ್ಲಿ ಮಲಯಾಳಿ ಅಂತ ಇದ್ದವನು ಅವನೊಬ್ಬನೇ, ಹಾಗಾದರೆ ಯಾರಿಗೆ ಹೇಳಿದ? "ತನಗೇ ಹೇಳಿಕೊಂಡಿರ್ತಾನೆ" ಅಂತಾನೆ ಚೇಟ.

ಆರು ಸೆಕೆಂಡ್ ಉಳಿದಿದೆ, ಜರ್ಮನಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲಿನ ಹತ್ತಿರದಿಂದಲೇ ಹೊಡೆಯುವ ಅವಕಾಶ. ಗೋಲ್ ಗೆರೆಯ ಹಿಂದೆ ನಿಲ್ಲಲು ಅವಕಾಶ ಇರೋದು ಕೀಪರ್ ಸೇರಿ ಐದು ಜನಕ್ಕೆ. ಶ್ರೀಜೇಶ್ ತಡೆದ. ನಮ್ಮ ಮೇಷ್ಟ್ರು ಎಡಗೈಯಲ್ಲಿ ಮಿರ್ಚಿ ಹಿಡಿದುಕೊಂಡೇ ಇದ್ದರು. ಹಿಸುಕಿ ಹಿಸುಕಿ ಹಿಟ್ಟೆಲ್ಲ ಬೆರಳ ಸಂದಿಯಿಂದ ಹೊರಗೆ ಬಂದಿತ್ತು, ಒಳಗಿನ ಮೆಣಸಿನಕಾಯಿ ಮಾತ್ರ ಮುಷ್ಟಿಯಲ್ಲಿತ್ತು. 1980ರ ಮಾಸ್ಕೋ ಚಿನ್ನ ಆದಮೇಲೆ 41 ವರ್ಷಕ್ಕೆ ಬಂದ ಮೆಡಲ್ಲು. ಆ ಮುಷ್ಟಿಯನ್ನೇ ಮೇಲೆತ್ತಿ ಕೂಗಿದರು. ಆಮೇಲೆ ಅದೇ ಕೈಯಲ್ಲಿ ಕಣ್ಣೊರೆಸಿಕೊಂಡರು. ಮುಂದಿನ ಹತ್ತು ನಿಮಿಷ ಅವರು ಅತ್ತಿದ್ದು ಮೆಡಲ್ಲಿಗೋ ಮೆಣಸಿನಕಾಯಿಗೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಟಿವಿಯಲ್ಲಿ ಶ್ರೀಜೇಶ್ ಅಷ್ಟೂ ಪ್ಯಾಡು ಕಟ್ಟಿಕೊಂಡೇ ಗೋಲ್ ಪೋಸ್ಟ್ ಹತ್ತಿ ಕೂತಿದ್ದ.

ಇಂಥವನು ಬಿಡುತ್ತೇನೆ ಅಂದಾಗ ಎಲ್ಲರೂ ಹೇಳುವ ಮಾತು ಒಂದೇ. "ಇನ್ನೂ ಆಡಬಹುದಿತ್ತಲ್ಲ." ನಾವೂ ಅದನ್ನೇ ಹೇಳಿದೆವು. ವಯಸ್ಸು 36. ನಮ್ಮ ಕಡೆ ರಿಟೈರ್ ಆಗೋದು 60ಕ್ಕೆ, ಅದೂ ಸರ್ಕಾರ ಬಿಡಿಸಿದರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಇವರ ಜಾಗ ತುಂಬೋರು ಯಾರೂ ಇಲ್ಲ ಅನ್ನುವ ಭಾಷಣ, ಖಾರಾ-ಮೈಸೂರ್ ಪಾಕು. ಮಾರನೇ ದಿನ ಬೆಳಗ್ಗೆ ಅದೇ ಮನುಷ್ಯ ಪೆನ್ಷನ್ ಫೈಲ್ ಎಲ್ಲಿಗೆ ಬಂತು ಅಂತ ಅದೇ ಆಫೀಸಿಗೆ ಬಂದು ನಿಂತಿರುತ್ತಾನೆ. ಅದನ್ನು ನೋಡಿ ಬೆಳೆದ ನಮಗೆ 36ಕ್ಕೆ, ಅದೂ ಚೆನ್ನಾಗಿ ಆಡುತ್ತಿರುವಾಗ, ತಾನಾಗೇ ಎದ್ದು ಹೋಗುವವನ ಲೆಕ್ಕ ಅರ್ಥ ಆಗಲ್ಲ. ಆದರೆ "ಇನ್ನೂ ಆಡಬಹುದಿತ್ತು" ಅನ್ನೋದರಲ್ಲಿ ಅವನ ಮೇಲಿನ ಪ್ರೀತಿ ಎಷ್ಟು, ನಮ್ಮ ಸೋಮಾರಿತನ ಎಷ್ಟು ಅಂತ ನನಗೆ ಅನುಮಾನ ಇದೆ. ಹೊಸ ಕೀಪರ್‌ನ ಓದಲು ಕಲಿಯಬೇಕಲ್ಲ, ಅದು ಯಾರಿಗೆ ಬೇಕು?

ಪ್ಯಾರಿಸ್‌ನಲ್ಲಿ ಅವನು ಹೊಟ್ಟೆ ಉರಿಸಿಯೇ ಹೋದ. ಕ್ವಾರ್ಟರ್ ಫೈನಲ್ ಆಗಸ್ಟ್ 4ರ ಭಾನುವಾರ ಮಧ್ಯಾಹ್ನ. ಎದುರು ಗ್ರೇಟ್ ಬ್ರಿಟನ್. 17ನೇ ನಿಮಿಷಕ್ಕೆ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ ಮುಕ್ಕಾಲು ಗಂಟೆಯ ಆಟ ಹತ್ತು ಜನದಲ್ಲೇ ಆಡಬೇಕಾಯಿತು. ಆದರೂ 1-1. ಶೂಟ್ ಔಟ್‌ನಲ್ಲಿ ಒಬ್ಬ ಆಟಗಾರ ಚೆಂಡು ಇಟ್ಟುಕೊಂಡು ಬರುತ್ತಾನೆ, ಕೈಯಲ್ಲಿ ಎಂಟು ಸೆಕೆಂಡ್, ಎದುರಿಗೆ ಕೀಪರ್ ಒಬ್ಬನೇ. ಹಾಕಿಯಲ್ಲಿ ಚೆಂಡು ನಮಗೂ ಸರಿಯಾಗಿ ಕಾಣುವುದು ಇದೊಂದೇ ಹೊತ್ತಿನಲ್ಲಿ. ಒಬ್ಬ ಹೊರಗೆ ಹೊಡೆದ, ಒಬ್ಬನನ್ನು ಶ್ರೀಜೇಶ್ ತಡೆದ, 4-2. ಇದು ಅವನಿಗೆ ಹೊಸದಲ್ಲ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಎದುರೂ ಶೂಟ್ ಔಟ್‌ನಲ್ಲಿ ಎರಡನ್ನು ತಡೆದಿದ್ದ. ಅದಕ್ಕೂ ಮೊದಲು 1998ರ ಬ್ಯಾಂಕಾಕ್‌ನಲ್ಲಿ ಇದೇ ತರ ಗೆಲ್ಲಿಸಿದ್ದು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಇದನ್ನು ಹೇಳಿದರೆ ಚೇಟ ಟಿವಿ ಸೌಂಡ್ ಜಾಸ್ತಿ ಮಾಡುತ್ತಾನೆ.

ಸೆಮಿಫೈನಲ್ ಸೋತಿದ್ದರ ಬಗ್ಗೆ ಮಾತು ಬೇಡ. ಆಗಸ್ಟ್ 8ರ ಸಂಜೆ ಸ್ಪೇನ್ ಎದುರು 2-1, ಎರಡೂ ಗೋಲ್ ಕ್ಯಾಪ್ಟನ್ ಹರ್ಮನ್‌ಪ್ರೀತ್‌ದು. ಕೊನೆ ನಿಮಿಷದಲ್ಲಿ ಮತ್ತೆ ಪೆನಾಲ್ಟಿ ಕಾರ್ನರ್, ಮತ್ತೆ ಅದೇ ಹಿಮ್ಮಡಿ, ಅದೇ ಮೊಣಕಾಲು. ಗೆದ್ದ ಮೇಲೆ ಮತ್ತೆ ಗೋಲ್ ಪೋಸ್ಟ್ ಹತ್ತಿದ. ಸತತ ಎರಡು ಒಲಿಂಪಿಕ್ಸ್‌ನಲ್ಲಿ ಮೆಡಲ್ ಬಂದಿದ್ದು 1968, 1972 ಆದಮೇಲೆ ಆಗಲೇ. ನಾವೆಲ್ಲ ಚಪ್ಪಾಳೆ ಹೊಡೆದೆವು, ಚೇಟ ಎಲ್ಲರಿಗೂ ದಿಲ್ ಪಸಂದ್ ಹಂಚಿದ. ದುಡ್ಡು ತಗೊಳ್ಳಲಿಲ್ಲ, ಇದು ದಾಖಲೆ.

ಇಷ್ಟು ಚೆಂದದ ಬೀಳ್ಕೊಡುಗೆ ಎಲ್ಲರಿಗೂ ಸಿಗಲ್ಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ 264 ಪಂದ್ಯ ಆಡಿದ, 72 ಗೋಲ್ ಹೊಡೆದ, ಆ ಓಟ ಹಿಡಿಯುವವರೇ ಇರಲಿಲ್ಲ. ಟೋಕಿಯೊ ಟೀಮಿನಲ್ಲಿ ಅವನ ಹೆಸರು ಬರಲಿಲ್ಲ. ಮೆಡಲ್ ಬಂದು ಎರಡು ತಿಂಗಳು ಆಗುವುದರೊಳಗೆ, 2021ರ ಅಕ್ಟೋಬರ್ 1ಕ್ಕೆ, ಮೊಬೈಲಿನಲ್ಲಿ ನಾಲ್ಕು ಸಾಲು ಬರೆದು ಮುಗಿಸಿದ. ಮೈದಾನ ಇಲ್ಲ, ಪೋಸ್ಟ್ ಇಲ್ಲ, ಹೆಗಲ ಮೇಲೆ ಹೊರುವವರಿಲ್ಲ. ಕನ್ನಡದವನಿಗೆ ಅವತ್ತು ನಾವು ಅರ್ಧ ಕಪ್ ಚಹಾದಷ್ಟು ಹೊತ್ತೂ ಮಾತಾಡಲಿಲ್ಲ, ಕೇರಳದವನಿಗೆ ವಾರಗಟ್ಟಲೆ ಬೇಜಾರು. ಇದಕ್ಕೆ ಭಾಷೆ ಕಾರಣ ಅಲ್ಲ, ಟಿವಿ ಕಾರಣ ಅಂತ ನನ್ನ ವಾದ. ಅಂಚಿನಲ್ಲಿ ಓಡುವವನು ಕ್ಯಾಮೆರಾಗೆ ಸಿಗೋದು ಎರಡು ಸೆಕೆಂಡು, ಆಮೇಲೆ ಅವನು ಹೋದ, ಚೆಂಡೂ ಹೋಯಿತು. ಕೀಪರ್ ಮಾತ್ರ ನಮ್ಮ ಜೊತೆ ಕೂತಂತೆ ಅಲ್ಲೇ ಇರುತ್ತಾನೆ. ಮೇಷ್ಟ್ರು ಈ ವಾದ ಒಪ್ಪಲ್ಲ. "ಓಡೋ ಹುಡುಗನ್ನ ನೋಡಾಕ ನಿಮಗೆ ಕಣ್ಣಿಲ್ಲ, ಟಿವಿಗ್ಯಾಕ ಬೈತೀರಿ" ಅಂತಾರೆ.

ಆಗಸ್ಟ್ 14ಕ್ಕೆ ಹಾಕಿ ಇಂಡಿಯಾ, ಶ್ರೀಜೇಶ್ ತೊಡುತ್ತಿದ್ದ 16ನೇ ನಂಬರನ್ನೂ ರಿಟೈರ್ ಮಾಡಿತು. ಸೀನಿಯರ್ ಟೀಮಿನಲ್ಲಿ ಇನ್ನು ಯಾರಿಗೂ ಅದು ಇಲ್ಲ. ಜೂನಿಯರ್‌ನಲ್ಲಿ ಇರುತ್ತದೆ, ಆ ಟೀಮಿಗೆ ಆಗ ಕೋಚ್ ಆಗಿದ್ದೂ ಅವನೇ. ಕ್ರಿಕೆಟ್‌ನಲ್ಲಿ ಸಚಿನ್‌ನ 10, ಧೋನಿಯ 7 ಹೀಗೇ ಎತ್ತಿಟ್ಟಿದ್ದಾರೆ. ಚಾಚಾಗೆ ಇದು ದೊಡ್ಡ ತಲೆಬಿಸಿ. ಜೀನ್ಸ್ ಜೊತೆಗೆ ಹುಡುಗರ ಟೀಮುಗಳಿಗೆ ಜೆರ್ಸಿಯನ್ನೂ ಮಾಡಿಕೊಡುತ್ತಾರೆ, ಬಂದವರೆಲ್ಲ ಕೇಳೋದು 7 ಇಲ್ಲವೇ 18. "ಹಿಂಗ ಒಂದೊಂದೇ ನಂಬರ್ ತಗೀತಾ ಹೋದ್ರ ನಾವ್ ಏನ್ ಹಾಕಬೇಕು?" ಅಂತ ಅವರ ಪ್ರಶ್ನೆ. ನಿಮಗೆ ಆ ರೂಲ್ ಬರಲ್ಲ ಚಾಚಾ ಅಂತ ಸಮಾಧಾನ ಮಾಡಿದೆವು.

ಮುಂದಿನ ತಿಂಗಳೇ ಚೀನಾದಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ. ಫೈನಲ್‌ನಲ್ಲಿ ಚೀನಾ ಎದುರು 1-0, ಗೆದ್ದೆವು. ಗೋಲಿನಲ್ಲಿ ಕ್ರಿಶನ್ ಪಾಠಕ್. ಒಳ್ಳೆಯ ಕೀಪರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮಗೆ ಅವನ ಮೈ ಭಾಷೆ ಇನ್ನೂ ಹತ್ತಿಲ್ಲ. ಆರಾಮಾಗಿ ನಿಂತಿದ್ದಾನಲ್ಲ ಅಂತ ಚಹಾಕ್ಕೆ ಕೈ ಹಾಕಿದರೆ ಚೆಂಡು ಅವನ ಮುಂದೆಯೇ ಇರುತ್ತದೆ. ಚೇಟ ಮಾತ್ರ ಅವತ್ತು ಟಿವಿಗೆ ಬೆನ್ನು ಹಾಕಿ ಬನ್ನಿಗೆ ಬೆಣ್ಣೆ ಸವರುತ್ತಿದ್ದ. ಗೋಲ್ ಆದಾಗ ಹೇಳ್ರೀ ಅಂದ. ಆಗಿದ್ದು ಒಂದೇ ಗೋಲು. ನಾವು ಹೇಳುವ ಹೊತ್ತಿಗೆ ರಿಪ್ಲೇ ಕೂಡ ಮುಗಿದಿತ್ತು.

ಮೊನ್ನೆ ಮೇಷ್ಟ್ರು ತಮ್ಮ ಓಣಿಯ ಒಬ್ಬ ಹುಡುಗನನ್ನು ಚಾಚಾನ ಅಂಗಡಿಗೆ ಕರೆತಂದಿದ್ದರು. ಹೊಸದಾಗಿ ಹಾಕಿ ಹಿಡಿದಿದ್ದಾನೆ, ಜೆರ್ಸಿ ಬೇಕಂತೆ, ನಂಬರ್ 16 ಬೇಕಂತೆ. ಚಾಚಾ ಖುಷಿಯಾಗಿ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ 1 ಬರೆದರು. ಮೇಷ್ಟ್ರು ಹುಡುಗನ ಭುಜ ಹಿಡಿದು, "16 ಹಾಕ್ಕೊಂಡ್ರ ಗೋಲಿಗೇ ನಿಲ್ಲಬೇಕು ನೋಡಪ್ಪ, ಪ್ಯಾಡ್ ಕಟ್ಕೊಂಡು" ಅಂದರು. ಹುಡುಗ ಸ್ವಲ್ಪ ಹೊತ್ತು ತನ್ನ ಕಾಲು ನೋಡಿಕೊಂಡ.

"ಹಂಗಾದ್ರ 7 ಹಾಕ್ರಿ ಚಾಚಾ" ಅಂದ.