ಬೆರೆಯಿರಿ, ಆದರೆ ಮಾತಾಡಬೇಡಿ

ಅಕ್ಟೋಬರ್ 1 ಹತ್ತಿರ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಜ್ಜ-ಅಜ್ಜಿಯರಿಗೆ ಡಿಮಾಂಡು ಜಾಸ್ತಿ. ಆ ದಿನ ಹಿರಿಯರದ್ದು ಎಂದು 1990ರಲ್ಲಿ ಗೊತ್ತು ಮಾಡಿದ್ದು ವಿಶ್ವಸಂಸ್ಥೆ. ಅದಕ್ಕೆ ಶಾಲು, ಹಾರ, ಎರಡು ಮೋಸಂಬಿ ಸೇರಿಸಿದ್ದು ನಾವು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿಯಲ್ಲೂ, ಎಲ್ಲ ಕಡೆ ಒಂದೇ ಅಚ್ಚು. ಕರೆಯುವುದು ಹತ್ತು ಗಂಟೆಗೆ, ಅತಿಥಿಗಳು ಬರುವುದು ಹನ್ನೆರಡಕ್ಕೆ. ಬಂದವರು ಮೈಕ್ ಹಿಡಿದು, "ಹಿರಿಯರು ಮನೆಯ ಮೂಲೆ ಸೇರಬಾರದು, ಸಮಾಜದಲ್ಲಿ ಬೆರೆಯಬೇಕು" ಎನ್ನುತ್ತಾರೆ. ಕೆಳಗೆ ಕೂತ ಇಬ್ಬರು ಅಜ್ಜಿಯರು ಆ ಮಾತನ್ನು ನಂಬಿ ಬೆರೆಯಲು ಶುರು ಮಾಡುತ್ತಾರೆ. ಅಡಿಕೆಗೆ ಕೊಳೆ ಬಂತಾ, ಮೊಮ್ಮಗಳ ಬಾಣಂತನ ಯಾರು ಮಾಡಿದ್ದು, ಹೀಗೆ. ಕೂಡಲೇ ಸಂಘಟಕರು ಓಡಿ ಬರುತ್ತಾರೆ. "ಸ್ವಲ್ಪ ಸುಮ್ನೆ ಕೂತ್ಕೊಳ್ಳಿ ಅಮ್ಮಾ, ಸರ್ ಮಾತಾಡ್ತಿದಾರೆ."

ಸರ್ ಮಾತಾಡುತ್ತಿರುವುದು ಒಂಟಿತನದ ಬಗ್ಗೆ.

ಹಿಂದಿನ ಜಗುಲಿಯಲ್ಲಿ ಉಚಿತ ತಪಾಸಣೆ. ವಾರ್ಡಿನಲ್ಲಿ ಕೆಲಸ ಬಿಟ್ಟು ಬಂದ ಒಬ್ಬ ಸಿಸ್ಟರ್, ಒಂದು ಮೇಜು, ಒಂದು ಬಿಪಿ ಮಷಿನ್ನು. ಬಿಪಿ ನೋಡುವ ಮುಂಚೆ ಐದು ನಿಮಿಷ ಆರಾಮಾಗಿ ಕೂರಿಸಬೇಕು, ಕಾಲು ನೆಲಕ್ಕೆ ತಾಗಿರಬೇಕು, ಆಗ ಮಾತಾಡಬಾರದು ಎಂದು ನರ್ಸಿಂಗ್ ಕಾಲೇಜಿನಲ್ಲಿ ಕಲಿಸುತ್ತಾರೆ. ಇಲ್ಲಿ ಅಜ್ಜನನ್ನು ಸಾಲಿನಿಂದ ಎಳೆದು ಕೂರಿಸುತ್ತಾರೆ. ಹಿಂದಿನವರು ನೂಕುತ್ತಿರುತ್ತಾರೆ. ಪಟ್ಟಿ ಸುತ್ತಿ ಇನ್ನೇನು ಗಾಳಿ ಇಳಿಯಬೇಕು, ಅಷ್ಟರಲ್ಲಿ ಫೋಟೋದವರು: "ಸಿಸ್ಟರ್, ಇನ್ನೊಮ್ಮೆ ಗಾಳಿ ಹಾಕಿ. ಅಜ್ಜಾ, ಇಲ್ಲಿ ನೋಡಿ, ನಗಿ, ಏನಾದ್ರೂ ಮಾತಾಡಿ." ಇಡೀ ದಿನದಲ್ಲಿ ಅಜ್ಜ ಸುಮ್ಮನಿರಬೇಕಾದದ್ದು ಆ ಒಂದು ನಿಮಿಷ. ಮಾತಾಡಲು ಅಪ್ಪಣೆ ಸಿಕ್ಕಿದ್ದೂ ಆಗಲೇ. ಬಿಪಿ ಏರದೆ ಇನ್ನೇನಾಗಬೇಕು?

ಅಷ್ಟಕ್ಕೂ ಬೆರೆಯುವುದನ್ನು ಈ ಜಿಲ್ಲೆಯ ಹಿರಿಯರಿಗೆ ಹೇಳಿಕೊಡಬೇಕಾ? ಹೊನ್ನಳ್ಳಿಯ ತುಳಸಿ ಗೌಡರು ಗಿಡ ನೆಡುತ್ತಲೇ ಮುದುಕಿಯಾದರು. 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಂದರು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿದರು, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದರು. ಯಕ್ಷಗಾನದ ಚಿಟ್ಟಾಣಿಯವರು 80 ದಾಟಿದ ಮೇಲೂ ಗೆಜ್ಜೆ ಬಿಚ್ಚಲಿಲ್ಲ. ಅವರಿಗೆಲ್ಲ ಯಾವ ಇಲಾಖೆ ತರಬೇತಿ ಕೊಟ್ಟಿತ್ತು?

ಇನ್ನು ಸಿಸ್ಟರ್ ಕಥೆ. ವಯಸ್ಸಾದವರಿಗೆ ಸೋಂಕು ತಗುಲಿದರೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ. ನಿನ್ನೆ ಮಾತಾಡುತ್ತಿದ್ದ ಅಜ್ಜಿ ಇವತ್ತು ಮಂಕಾಗುತ್ತಾಳೆ, ಮಗನನ್ನೇ ತನ್ನ ತಮ್ಮ ಎಂದುಕೊಳ್ಳುತ್ತಾಳೆ. ಅದೇ ಮೊದಲ ಲಕ್ಷಣ. ನಿನ್ನೆ ಅವಳನ್ನು ಮಾತಾಡಿಸಿದ ಸಿಸ್ಟರಿಗೆ ಮಾತ್ರ ಇದು ಗೊತ್ತಾಗುತ್ತದೆ. ಅಂದರೆ ಮಂಚದ ಪಕ್ಕ ನಿಂತು "ಏನ್ ಅಜ್ಜಿ, ಊಟಕ್ಕೆ ಏನಿತ್ತು?" ಎಂದು ಕೇಳುವುದು ಹರಟೆ ಅಲ್ಲ, ತಪಾಸಣೆ. ಆದರೆ ಮೇಲಿನವರ ಕಣ್ಣಿಗೆ ಬಿದ್ದರೆ, "ಹರಟೆ ಹೊಡೀತಿದೀರಾ? ರಿಜಿಸ್ಟರ್ ಆಯ್ತಾ?" ಎನ್ನುತ್ತಾರೆ.

ರಿಜಿಸ್ಟರ್ ಆಗಿರುತ್ತದೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣು. ಹೊರಳಿಸಲು ಇಬ್ಬರು ಬೇಕು, ಬರೆಯಲು ಒಬ್ಬರು ಸಾಕು. ಹಾಗಾಗಿ ಅಜ್ಜಿ ಹೊರಳದಿದ್ದರೂ ಪುಟ ಹೊರಳುತ್ತದೆ. ತಪಾಸಣೆಗೆ ಬಂದವರು ಪುಟ ನೋಡಿ ಶಭಾಷ್ ಎನ್ನುತ್ತಾರೆ. ಬೆನ್ನು ನೋಡುವ ಪದ್ಧತಿ ಇಲ್ಲ. ಮೇ 12ರ ದಾದಿಯರ ದಿನಕ್ಕೆ ಅದೇ ಸಿಸ್ಟರ್ ಕೈಗೆ ಮೇಣದ ಬತ್ತಿ ಕೊಟ್ಟು "ದೇವತೆ" ಎಂದು ಹೊಗಳುತ್ತಾರೆ. ದೇವತೆಗೆ ರಜೆ, ಸಂಬಳ, ಜೊತೆಗೊಬ್ಬರು ಇದ್ಯಾವುದೂ ಬೇಡವಲ್ಲ.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜನರ ಒಂಟಿತನ ನೋಡಿ ಸಾಮಾಜಿಕ ಸಂಪರ್ಕಕ್ಕೆಂದೇ ಆಯೋಗ ಮಾಡಿತು. ಅದು ಕಾರವಾರ ತಲುಪುವಷ್ಟರಲ್ಲಿ ಖಂಡಿತ ಒಂದು ಫಾರಂ ಆಗಿರುತ್ತದೆ. "ಕಳೆದ ವಾರ ಎಷ್ಟು ಜನರ ಜೊತೆ ಮಾತಾಡಿದಿರಿ?" ತುಂಬುವ ಕೆಲಸ ಯಾರಿಗೆ ಎಂದು ಬೇರೆ ಹೇಳಬೇಕಾಗಿಲ್ಲ. ಫಾರಂ ತುಂಬುವ ಗಡಿಬಿಡಿಯಲ್ಲಿ ಆ ವಾರ ಅಜ್ಜಿಯನ್ನು ಯಾರೂ ಮಾತಾಡಿಸುವುದಿಲ್ಲ. ಉತ್ತರವಾದರೂ ಸರಿಯಾಗಿ ಬರುತ್ತದೆ, ಅಲ್ವಾ.

ನನ್ನದೊಂದು ಸಲಹೆ ಇದೆ. ಮುಂದಿನ ಸಲ ಎರಡೂ ದಿನಾಚರಣೆಯನ್ನು ಒಟ್ಟಿಗೆ ಆಸ್ಪತ್ರೆಯ ಓಪಿಡಿ ಎದುರಿಗೇ ಮಾಡಿ. ಶಾಮಿಯಾನ ಬೇಡ, ಜನ ಸೇರಿಸುವುದೂ ಬೇಡ. ಹಿರಿಯರು ಬೆಳಿಗ್ಗೆ ಏಳರಿಂದ ಅಲ್ಲೇ ಇರುತ್ತಾರೆ. ಸಕ್ಕರೆ ಕಾಯಿಲೆಯವರು ಮಂಡಿ ನೋವಿನವರ ಜೊತೆ ಆಗಲೇ ಚೆನ್ನಾಗಿ ಬೆರೆತಿರುತ್ತಾರೆ. ದೊಡ್ಡಾಸ್ಪತ್ರೆಗೆಂದು ಮಣಿಪಾಲಕ್ಕೆ ಹೋಗಿ ಬಂದವರು, ಗೋವಾಕ್ಕೆ ಹೋಗಬೇಕಾದವರು, ಹುಬ್ಬಳ್ಳಿ ಸಾಕು ಎನ್ನುವವರು, ಎಲ್ಲರ ಪ್ರವಾಸ ಕಥನವೂ ಅಲ್ಲೇ ಸಿಗುತ್ತದೆ. ಸಿಸ್ಟರನ್ನು ವಾರ್ಡಿನಿಂದ ಎಬ್ಬಿಸಿ ತರುವ ಕೆಲಸವೂ ಉಳಿಯಿತು. ಅತಿಥಿಗಳು ಮಾತ್ರ ಎಂಟು ಗಂಟೆಯೊಳಗೆ ಬಂದು ಟೋಕನ್ ತಗೊಳ್ಳಬೇಕು. ನಂಬರ್ ಬಂದಾಗ ಭಾಷಣ.