ಗ್ಯಾರೇಜಿಗೆ ಒಂದೇ ಡಬ್ಬಿ ಕಪ್ಪು ಗ್ರೀಸ್ ಸಾಕೇ?

ಪರ

ಜೆಸಿಬಿಯ ಬಕೆಟ್ ಪಿನ್ ಪೂರ್ತಿ ಸುತ್ತುವುದೇ ಇಲ್ಲ. ಟನ್ನುಗಟ್ಟಲೆ ಭಾರ ಹೊತ್ತು ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ತಿರುಗಿ ನಿಲ್ಲುತ್ತದೆ. ಇಷ್ಟು ನಿಧಾನದ ಓಡಾಟದಲ್ಲಿ ಎಣ್ಣೆಯ ಪದರ ನಿಲ್ಲದೆ ಪಿನ್ನಿಗೂ ಅದು ಕೂರುವ ಕೊಳವೆಯಂಥ ಬುಷ್ಷಿಗೂ ನೇರ ಉಜ್ಜಾಟ ಬೀಳುತ್ತದೆ. ಅಲ್ಲಿ ಕೈಹಿಡಿಯುವುದು ಕಪ್ಪು ಗ್ರೀಸಿನೊಳಗಿನ ಮಾಲಿಬ್ಡಿನಮ್ ಡೈಸಲ್ಫೈಡ್, ಅಂಗಡಿಯ ಮಾತಿನಲ್ಲಿ ಮಾಲಿ.

ನಡುವೆ ಮಾಲಿಬ್ಡಿನಮ್, ಮೇಲೆ ಕೆಳಗೆ ಗಂಧಕ. ಹೀಗೆ ಮೂರು ಸೇರಿ ಒಂದು ಹಾಳೆ. ಹಾಳೆಯೊಳಗಿನ ಬಂಧ ಗಟ್ಟಿ, ಹಾಳೆ ಹಾಳೆಗಳ ನಡುವಿನ ಹಿಡಿತ ಸಡಿಲ. ಭಾರ ಬಿದ್ದರೆ ಹರಿಯದೆ ಜಾರುತ್ತವೆ. ಚಿಟಿಕೆ ಪುಡಿಯನ್ನು ಬೆರಳ ನಡುವೆ ತಿಕ್ಕಿ ನೋಡಿ: ಸೀಸದ ಬಣ್ಣದ ಹೊಳಪು ಬೆರಳಿನ ಗೆರೆಗಳಲ್ಲಿ ಕೂತುಬಿಡುತ್ತದೆ, ಸೋಪು ಹಾಕಿದರೂ ಬೇಗ ಬಿಡದು. ಎಣ್ಣೆ ಹಿಂಡಿಹೋದ ಮೇಲೂ ಪಿನ್ನಿನ ಮೈಗೆ ಅದು ಹೀಗೇ ಅಂಟಿರುತ್ತದೆ.

ಗ್ರೀಸಿನಲ್ಲಿ ಮಾಲಿ ಶೇ 3ರಿಂದ 5ರಷ್ಟಿದ್ದರೆ ಸಾಕು. ಮುಂಚಕ್ರ ಹೊರಳುವ ಕಿಂಗ್ ಪಿನ್, ಪಟ್ಟಿ ಸ್ಪ್ರಿಂಗಿನ ಶ್ಯಾಕಲ್ ಪಿನ್, ಶಾಫ್ಟಿನ ಹಲ್ಲುಗಳಾದ ಸ್ಪ್ಲೈನ್, ಚಕ್ರಕ್ಕೆ ಶಕ್ತಿ ಸಾಗಿಸುವ ಸಿವಿ ಜಾಯಿಂಟ್ ಎಲ್ಲಕ್ಕೂ ಇದು ಹೇಳಿಮಾಡಿಸಿದ್ದು. ಎಣ್ಣೆ ಆವಿಯಾಗುವ ನಿರ್ವಾತದಲ್ಲಿ, ಉಪಗ್ರಹಗಳ ಕೀಲುಗಳಿಗೂ ಇದರ ಒಣ ಲೇಪ ಬಳಸುತ್ತಾರೆ. ಭಾರದ ಯಂತ್ರಗಳ ಗ್ಯಾರೇಜಿನಲ್ಲಿ ಮೂರು ಬಗೆ ಇಟ್ಟು ಹುಡುಗರು ಅವಸರದಲ್ಲಿ ತಪ್ಪು ಗ್ರೀಸ್ ಗನ್ (ಗ್ರೀಸ್ ಒತ್ತುವ ಪಂಪು) ಎತ್ತಿಕೊಳ್ಳುವುದಕ್ಕಿಂತ ಒಂದೇ ಒಳ್ಳೆಯ ಮಾಲಿ ಗ್ರೀಸ್ ಇರಲಿ.

ವಿರೋಧ

ಪಿನ್ನಿಗೆ ಮಾಲಿ ಬೇಕು, ಒಪ್ಪಿದೆ. ತಕರಾರು ಇರುವುದು ‘ಒಂದೇ’ ಎಂಬ ಮಾತಿಗೆ.

ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರಿನ ಬೇರಿಂಗಿನಲ್ಲಿ ಎಣ್ಣೆಯ ಪದರವೇ ಉಕ್ಕನ್ನು ಉಕ್ಕಿನಿಂದ ದೂರ ಇಡುತ್ತದೆ. ಮಾಲಿಗೆ ಅಲ್ಲಿ ಕೆಲಸವಿಲ್ಲ. ವೇಗ ಹೆಚ್ಚಿ ಭಾರ ಕಡಿಮೆಯಿದ್ದರೆ ಅದರ ಜಾರುಗುಣಕ್ಕೆ ರೋಲರ್ ಉರುಳುವ ಬದಲು ಜಾರಿ ಮೈ ಗೀರಿಕೊಳ್ಳುವ ಅಪಾಯವೂ ಉಂಟು. ಮೋಟಾರಿನ ಗ್ರೀಸ್ ಬಹಳ ಕಡೆ ಪಾಲಿಯೂರಿಯಾ ಎಂಬ ಗಟ್ಟಿಕಾರಕದ್ದು. ಅದರ ಮೇಲೆ ಲಿಥಿಯಂ ಆಧಾರದ ಕಪ್ಪು ಗ್ರೀಸ್ ಒತ್ತಿದರೆ ಎರಡೂ ಹೊಂದದೆ ತೆಳ್ಳಗಾಗಿ ಸೀಲಿನಿಂದ ಸೋರಿಹೋಗಬಹುದು.

ಬಣ್ಣವೂ ತೊಂದರೆಯೇ. ಜೇನುಬಣ್ಣದ ಗ್ರೀಸಿಗೆ ನೀರು ಸೇರಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಬೇರಿಂಗ್ ಸವೆದರೆ ಉಕ್ಕಿನ ಮಿಣುಕು ಬೆರಳ ಮೇಲೆ ಕಾಣುತ್ತದೆ. ಕಪ್ಪಿನಲ್ಲಿ ಎರಡೂ ಮುಚ್ಚಿಹೋಗುತ್ತವೆ.

ಎಲ್ಲಕ್ಕಿಂತ ಹೆದರಬೇಕಾದ್ದು ಬೋಲ್ಟಿನ ವಿಷಯದಲ್ಲಿ. ಒಂದೇ ಡಬ್ಬಿಯಿದ್ದರೆ ಕೈ ಅಲ್ಲಿಗೂ ಹೋಗುತ್ತದೆ. 8.8 ದರ್ಜೆಯ (ಬಲದ ಗುರುತು) 12 ಮಿ.ಮೀ. ಬೋಲ್ಟನ್ನು ಒಣಗಿದ್ದಾಗ 100 ನ್ಯೂಟನ್ ಮೀಟರ್ ಟಾರ್ಕಿಗೆ, ಅಂದರೆ ತಿರುಚುವ ಬಲಕ್ಕೆ, ಬಿಗಿದರೆ ಸುಮಾರು 42 ಕಿಲೋನ್ಯೂಟನ್ ಎಳೆತ ಬರುತ್ತದೆ. ಮಾಲಿ ಸವರಿದ್ದರಿಂದ ಟಾರ್ಕ್ ಗುಣಾಂಕ (ಘರ್ಷಣೆ ಹೆಚ್ಚಿದಂತೆ ಏರುವ ಅಂಕಿ) 0.2ರಿಂದ 0.12ಕ್ಕೆ ಇಳಿದರೆ ಅದೇ ಟಾರ್ಕಿಗೆ ಎಳೆತ 69ಕ್ಕೆ ಏರುತ್ತದೆ. ಆ ಬೋಲ್ಟ್ ಕಾಯಂ ಹಿಗ್ಗದೆ ತಾಳುವುದು ಸುಮಾರು 50 ಅಷ್ಟೇ. ಟಾರ್ಕ್ ವ್ರೆಂಚ್ ಗುರಿ ಮುಟ್ಟಿತೆಂದು ಸರಿಯಾಗಿಯೇ ‘ಟಕ್’ ಅಂದಿರುತ್ತದೆ, ಬೋಲ್ಟ್ ಮಾತ್ರ ಒಳಗೇ ಸೋತಿರುತ್ತದೆ.

ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಜಾರುವ ಗೈಡ್ ಪಿನ್ನಿಗಂತೂ ಇದು ಬೇಡವೇ ಬೇಡ: ಖನಿಜ ಎಣ್ಣೆ ತಾಗಿ ರಬ್ಬರ್ ಊದಿ ಪಿನ್ ಸಿಕ್ಕಿಕೊಳ್ಳುತ್ತದೆ. ಗನ್ನುಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ, ಗ್ರೀಸ್ ಒತ್ತುವ ನಿಪ್ಪಲ್ ಪಕ್ಕ ಅದೇ ಬಣ್ಣ ಬಳಿಯಿರಿ. ಹುಡುಗರ ಅವಸರಕ್ಕೆ ಅಷ್ಟು ಸಾಕು.